ಎರಡು ಡಬ್ಬಿ ಮುಚ್ಚಳಗಳು

ಆ ದಿನ ಮೇಲಿನ ಮನೆಗೆ ಮುಚ್ಚಳ ಹಿಡಿದುಕೊಂಡು ಹೋದದ್ದು ನಾನು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ನನ್ನ ತಂಗಿ ಮಮತಾ, ಹೋದದ್ದು ತಾನು ಎನ್ನುತ್ತಾಳೆ. ನವಿ ಮುಂಬಯಿಯ ಐರೋಲಿಯ ತನ್ನ ಮನೆಯಲ್ಲಿ ಕೂತು, ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ತನ್ನ ಹಳೆಯ ಪದ್ಧತಿಯಂತೆ, "ಅರೇ ದಾದಾ, ಮೈಂ ಗಯೀ ಥೀ. ತೂ ತೋ ಪೇಪರ್ ಪಢ್ ರಹಾ ಥಾ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾಳೆ. ನಾನು ಪೇಪರು ಓದುತ್ತಿದ್ದೆನೆಂಬುದು ನಂಬಬಹುದಾದ ಮಾತೇ. ಮನೆಯಲ್ಲಿ ಏನೇ ನಡೆದರೂ ನಾನು ಪೇಪರು ಓದುತ್ತಿದ್ದ ಕಾಲ ಅದು. ಆದರೂ ಮುಚ್ಚಳವನ್ನು ಹಿಡಿದ, ಆ ಮೇಲಿನ ಮನೆಯ ಅಜ್ಜಿಯ ಬೆರಳುಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ. ಕಣ್ಣಿಗೆ ಕಟ್ಟಿದ್ದೆಲ್ಲ ಕಂಡದ್ದಲ್ಲ ಎಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದಾರೆ. ಆದ್ದರಿಂದ ಹೋದವರು ನಮ್ಮಿಬ್ಬರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಹೇಳುತ್ತಿರುವವನು ನಾನಾದ್ದರಿಂದ ಸದ್ಯಕ್ಕೆ ನಾನೇ ಹೋಗಿರುತ್ತೇನೆ.

ಇದೆಲ್ಲ ಮತ್ತೆ ಮೇಲೆದ್ದದ್ದು ಇತ್ತೀಚೆಗೆ, ಘಣಸೋಲಿಯ ನಮ್ಮ ಅಡುಗೆಮನೆಯಲ್ಲಿ. ಜಾಮಿನ ಬಾಟಲಿ ಖಾಲಿಯಾಗಿತ್ತು. ಹೆಂಡತಿ ಅದನ್ನು ತೊಳೆದು ಒಣಕಸದ ಬುಟ್ಟಿಗೆ ಹಾಕುವಷ್ಟರಲ್ಲಿ ನನ್ನ ಕೈ ತಾನಾಗಿ ಮುಂದೆ ಹೋಗಿ ಮುಚ್ಚಳವನ್ನು ಎತ್ತಿಕೊಂಡಿತು. ಕೈ ಎತ್ತಿದ್ದನ್ನು ಮೂಗು ಪರೀಕ್ಷಿಸಿತು.

"ಜಾಮ್ ಮುಗೀತು, ಈಗ ಮುಚ್ಚಳ ಮೂಸ್ತಾ ಕೂತ್ಕೋತೀರಾ?" ಎಂದಳು ಬೆಂಗಳೂರಿನವಳಾದ ಅವಳು.

ಮುಚ್ಚಳ ಮೂಸುವುದು ನಮ್ಮ ಮನೆಯಲ್ಲಿ ಕೈಕಾಲು ತೊಳೆಯುವಷ್ಟು ಸಹಜವಾದ ಕ್ರಿಯೆ ಎಂದು ವಿವರಿಸಲು ಹೊರಟು ಸುಮ್ಮನಾದೆ. ವಿವರಿಸುವುದಾದರೆ ಡೊಂಬಿವಲಿಯಿಂದ ಶುರು ಮಾಡಬೇಕಿತ್ತು. ಅವಳಿಗೆ ಕುಕ್ಕರಿನ ಸೀಟಿ ಎಣಿಸುವ ಕೆಲಸವಿತ್ತು. ನಿಮಗೆ ಅಂಥ ಅವಸರವಿಲ್ಲವೆಂದು ಭಾವಿಸುತ್ತೇನೆ.

ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿ ನಮ್ಮ ಮನೆ. ಉಡುಪಿ ಕಡೆಯ ನಮ್ಮ ಊರಿನಲ್ಲಿ ಭರಣಿಗೆ ಹಾಕಿಡುತ್ತಿದ್ದುದೆಲ್ಲ ಇಲ್ಲಿ ಗಾಜಿನ ಬಾಟಲಿಗೆ ಇಳಿದಿತ್ತು. ಮಾವಿನ ಮಿಡಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹುಳಿ ಬಿಂಬುಳಿ ಕಾಯಿ. ಜೊತೆಗೆ ನಾವು ಮೀನು ತಿನ್ನುವವರಾದ್ದರಿಂದ ಒಣಸಿಗಡಿಯ ಚಟ್ನಿ, ಬಂಗುಡೆಯ ಉಪ್ಪಿನಕಾಯಿ. ಬಾಟಲಿಗಳಿಗೆ ಬರವಿರಲಿಲ್ಲ. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರರಾಗಿದ್ದರು. ಅಲ್ಲಿ ಖಾಲಿಯಾದ ಜಾಮ್, ಸಾಸು, ಕಾಫಿಪುಡಿಯ ಬಾಟಲಿಗಳು ಅವರ ಚೀಲದಲ್ಲಿ ಲೋಕಲ್ ಟ್ರೇನು ಹತ್ತಿ, ಜನರ ಮೊಣಕೈಗಳಿಂದ ಬಚಾವಾಗಿ ಮನೆ ಸೇರುತ್ತಿದ್ದವು. ಬರ ಇದ್ದದ್ದು ಮುಚ್ಚಳಗಳಿಗೆ. ಗಾಜು ಒಡೆಯದಿದ್ದರೆ ಚಿರಂಜೀವಿ. ಮುಚ್ಚಳ ಹಾಗಲ್ಲ, ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ, ತಿರುಗಿಸಿ ತಿರುಗಿಸಿ ಅಂಚು ಸವೆಯುತ್ತದೆ, ಒಮ್ಮೆ ಚಮಚದ ಹಿಡಿಯಿಂದ ಮೀಟಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.

"ಬಾಟಲಿ ಗಂಡಸರ ಹಾಗೆ, ಸುಮ್ಮನೆ ಕೂತಿರ್ತದೆ," ಎನ್ನುತ್ತಿದ್ದರು ಅಮ್ಮ, ಅಪ್ಪನಿಗೆ ಕೇಳಿಸುವಂತೆ. "ದುಡಿಯುವುದು ಮುಚ್ಚಳ."

ಹಾಗಾಗಿ ಮುಚ್ಚಳಗಳಿಗೆ ಅಮ್ಮ ಮಾಡುತ್ತಿದ್ದ ಉಪಚಾರ ನಮಗೂ ಸಿಕ್ಕಿರಲಿಕ್ಕಿಲ್ಲ. ಬಿಸಿನೀರಿನಲ್ಲಿ ಹುಣಸೆಹುಳಿ ಹಾಕಿ ತಿಕ್ಕುವುದು, ಕಿಟಕಿಯ ಗ್ರಿಲ್ಲಿನಲ್ಲಿ ಅಂಗಾತ ಮಲಗಿಸಿ ಒಣಗಿಸುವುದು, ಅಂಚಿಗೆ ಎಣ್ಣೆ ಸವರುವುದು. ಉಪ್ಪಿನಕಾಯಿ ತುಂಬಿದ ಮೇಲೆ ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ದುಂಡಗೆ ಕತ್ತರಿಸಿ ಬಾಟಲಿಯ ಬಾಯಿಗಿಟ್ಟು, ಅದರ ಮೇಲೆ ಮುಚ್ಚಳ ತಿರುಗಿಸುವುದು. ಇಲ್ಲದಿದ್ದರೆ ರಸ ತಗಡಿಗೆ ತಾಗುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ವಿಷಯದಲ್ಲಿ ಮುಚ್ಚಳ ಯಾರ ಮಾತನ್ನೂ ಕೇಳುವುದಿಲ್ಲ. ಅದರ ಒಳ ಅಂಚಿನಲ್ಲಿ ರಬ್ಬರಿನಂಥ ಬಿಳಿಯ ಬಳೆಯೊಂದಿರುತ್ತದಲ್ಲ, ಅದು ತಾನು ಕಾದದ್ದರ ವಾಸನೆಯನ್ನು ಬಿಡುವುದಿಲ್ಲ. ಒಮ್ಮೆ ಸಿಗಡಿಗೆ ಮುಚ್ಚಿದ ಮುಚ್ಚಳ ಜನ್ಮವಿಡೀ ಸಿಗಡಿಯದೇ.

ಆದ್ದರಿಂದ ನಮ್ಮ ಮನೆಯಲ್ಲಿ ಮುಚ್ಚಳಗಳಿಗೆ ಎರಡು ಡಬ್ಬಿಗಳಿದ್ದವು. ಬಿಸ್ಕತ್ತಿನ ಡಬ್ಬಿಯಲ್ಲಿ ಸಸ್ಯಾಹಾರಿ ಮುಚ್ಚಳಗಳು. ಎಣ್ಣೆಯ ತಗಡು ಡಬ್ಬಿಯಲ್ಲಿ ಮೀನಿನವು. ಮನುಷ್ಯರೊಳಗಿನ ಪಂಕ್ತಿಭೇದದ ಬಗ್ಗೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಎಂ.ಎ. ತರಗತಿಯಲ್ಲಿ ಬಿಸಿಬಿಸಿ ವಾದ ಮಾಡಿ ಬರುತ್ತಿದ್ದ ನಾನು, ಮನೆಗೆ ಬಂದು ಅಮ್ಮ ಕೈಗಿತ್ತ ಮುಚ್ಚಳವನ್ನು ಮೂಸಿ, ಅದರ ಜಾತಿ ನಿರ್ಧರಿಸಿ, ಸರಿಯಾದ ಡಬ್ಬಿಗೆ ಹಾಕುತ್ತಿದ್ದೆ.

ಈ ಮಡಿಯೆಲ್ಲ ನಮಗಾಗಿ ಅಲ್ಲ, ನಾಲ್ಕನೇ ಅಂತಸ್ತಿನ ಇಂದೂ ಕಾಕುವಿಗಾಗಿ (ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ). ಕಾಕು ಧಾರವಾಡದ ಕಡೆಯ ಬ್ರಾಹ್ಮಣರು, ಬೆಳ್ಳುಳ್ಳಿಯನ್ನೂ ಮನೆಗೆ ತರದವರು. ಅಮ್ಮ ಅವರನ್ನು ವೈನಿ ಎನ್ನುತ್ತಿದ್ದರು, ಅವರು ಅಮ್ಮನನ್ನು ಸರೋಜಕ್ಕ ಎನ್ನುತ್ತಿದ್ದರು. ಅಮ್ಮನ 'ಉಂಟು' ಅವರಿಗೆ ತಮಾಷೆ, ಅವರ 'ಅದ' ಅಮ್ಮನಿಗೆ ತಮಾಷೆ. ಹೀಗೆ ಪರಸ್ಪರ ನಗುತ್ತ ಇಬ್ಬರೂ ಆಪ್ತರಾಗಿದ್ದರು. ಕಾಕುವಿನ ಅತ್ತೆ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಮೊಣಕಾಲು ನೋವಿನಿಂದ ಕೆಳಗಿಳಿಯುತ್ತಲೇ ಇರಲಿಲ್ಲ. ಒಂದು ಸಲ ಟೈಫಾಯ್ಡ್ ಬಂದು ಎದ್ದ ಮೇಲೆ ಅಜ್ಜಿಗೆ ಊಟವೇ ಸೇರದಾಯಿತು. ಯಾವುದೋ ದಿನ ಕಾಕು ನಮ್ಮ ಮನೆಯ ಮಾವಿನ ಮಿಡಿಯನ್ನು ತಟ್ಟೆಯ ಅಂಚಿಗಿಟ್ಟಿದ್ದರು; ಅಂದು ಅಜ್ಜಿ ಅನ್ನ ಕೇಳಿ ಹಾಕಿಸಿಕೊಂಡರು. ಅಲ್ಲಿಂದ ಅವರ ಊಟವೆಂದರೆ ಮೊಸರನ್ನ ಮತ್ತು ಅಮ್ಮನ ಮಿಡಿ.

"ಯಾರು ಮಾಡಿದ್ದು ಅಂತ ಕೇಳಿದ್ರು," ಎಂದು ಕಾಕು ಬಂದು ಅಮ್ಮನಿಗೆ ಹೇಳಿದ್ದರು. "ಕೆಳಗಿನ ಮನಿ ಉಡುಪಿಯವರು ಅಂದೆ. 'ಕೃಷ್ಣನ ಊರವರು, ಮಡೀಲೇ ಮಾಡಿರ್ತಾರ' ಅಂದ್ರು. ನಾ ಸುಮ್ಮನಾದೆ. ಉಡುಪಿಯವರು ಹೌದಲ್ಲರಿ ನೀವು? ಸುಳ್ಳೇನದ ಇದರಾಗ?"

"ಸುಳ್ಳಲ್ಲ," ಎಂದಿದ್ದರು ಅಮ್ಮ. "ಆದರೆ ಗೊತ್ತಾದರೆ?"

"ಗೊತ್ತಾದ್ರ ನಿಮ್ಮ ಉಪ್ಪಿನಕಾಯಿ ಹೋಗಲಿ, ನನ್ನ ಕೈಯಾಗಿನ ನೀರೂ ಕುಡಿಯೂದಿಲ್ಲರಿ. ಈಗ ಉಣ್ಣೋ ನಾಲ್ಕು ತುತ್ತೂ ನಿಂತುಹೋಗ್ತದ."

ಇನ್ನು ಡೊಂಬಿವಲಿಯ ಗಾಳಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಟ್ಟಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಗಿತ್ತು. ಸಂಜೆಯಾದರೆ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಒಂದು ವಾಸನೆ ತೇಲಿ ಬರುತ್ತಿತ್ತು. ಕೆಲವು ದಿನ ಕೊಳೆತ ಮೊಟ್ಟೆಯಂತೆ, ಕೆಲವು ದಿನ ಆಸ್ಪತ್ರೆಯಂತೆ. ಅದು ಬಂದಾಗ ಮಲ್ಲಿಗೆಗೂ ಮೀನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಮ್ಮ ಮನೆಯ ಮೀನು ಹುರಿಯುವ ವಾಸನೆ ನಾಲ್ಕನೇ ಅಂತಸ್ತಿನವರೆಗೆ ಹೋಗದಂತೆ ತಡೆದ ಪುಣ್ಯ ಆ ಗಾಳಿಯದೇ ಎಂದು ಅಪ್ಪ ಹೇಳುತ್ತಿದ್ದರು.

ಅಪ್ಪನಿಗೆ ವಾರಕ್ಕೊಂದು ರಜೆ. ಆ ದಿನ ಅವರು ಮನೆಯನ್ನು ಹೋಟೆಲಿನಂತೆ ಶಿಸ್ತಿಗೆ ತರಲು ಹೊರಡುತ್ತಿದ್ದರು. ಒಂದು ಮೇ ತಿಂಗಳಿನಲ್ಲಿ, ಅಂಥ ರಜೆಯ ದಿನ, ಅವರ ಕಣ್ಣು ಅಟ್ಟದ ಮೇಲೆ ಬಿತ್ತು. ಎರಡು ಡಬ್ಬಿಗಳೂ ಅರ್ಧರ್ಧ ಖಾಲಿ ಇದ್ದುದನ್ನು ಕಂಡು, ಎಲ್ಲ ಮುಚ್ಚಳಗಳನ್ನೂ ಬಿಸ್ಕತ್ತಿನ ಡಬ್ಬಿಗೆ ಸುರಿದು, ಎಣ್ಣೆಯ ಡಬ್ಬಿಯನ್ನು ರದ್ದಿಯವನಿಗೆ ಕೊಟ್ಟು, ಕೈ ತೊಳೆದುಕೊಂಡರು. ಅಮ್ಮನಿಗೆ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಒಳ್ಳೆಯ ಮ್ಯಾನೇಜರು ಎಲ್ಲವನ್ನೂ ಹೇಳುತ್ತ ಕೂರುವುದಿಲ್ಲ.

ಮರುದಿನ ಸಂಜೆ ಅಮ್ಮ ಅಜ್ಜಿಯ ಬಾಟಲಿ ತುಂಬಿದರು. ಡಬ್ಬಿಗೆ ಕೈ ಹಾಕಿ, ಸರಿಯಾಗಿ ಕೂರುವ ಮುಚ್ಚಳ ಹುಡುಕಿ, ಪದ್ಧತಿಯಂತೆ ಮೂಸಿದರು. ಗಾಳಿ ಆಗಲೇ ಬಂದಿತ್ತು. ಮುಚ್ಚಳದಿಂದ ಬಂದದ್ದೂ ಅದೇ ಗಾಳಿಯ ವಾಸನೆ. ಬಾಟಲಿ ಮೇಲೆ ಹೋಯಿತು.

ಬೆಳಿಗ್ಗೆ ಗಾಳಿ ತಿಳಿಯಾಗಿತ್ತು. ಇನ್ನೊಂದು ಬಾಟಲಿಗೆಂದು ಡಬ್ಬಿ ತೆರೆದ ಅಮ್ಮ, ಸಿಗಡಿಯ ಘಾಟು ಬಡಿದದ್ದೇ ಮುಚ್ಚಳಗಳನ್ನೆಲ್ಲ ನೆಲಕ್ಕೆ ಸುರಿದು ಒಂದೊಂದನ್ನೇ ಮೂಸಿ ಎಣಿಸಿದರು; ಸಿಗಡಿಯದೊಂದು ಕಡಿಮೆ ಇತ್ತು. ನಮ್ಮದು ಮನೆಯೊಳಗೆ ತುಳು. ಅಮ್ಮ ಅಂದು ಅಪ್ಪನಿಗೆ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ.

"ಎಲ್ಲ ಒಟ್ಟಿಗೆ ಹಾಕಿದ್ದು ನೀವಾ?"

"ಹೌದು. ಜಾಗ ಎಷ್ಟು ಆಯ್ತು ನೋಡು."

"ನಿಮ್ಮ ಜಾಗಕ್ಕೆ ಬೆಂಕಿ ಬೀಳಲಿ! ನಿನ್ನೆ ಮೇಲೆ ಕೊಟ್ಟದ್ದು ಸಿಗಡಿಯ ಮುಚ್ಚಳ ಮಾರಾಯ್ರೆ. ಆ ಮುದುಕಿ ಇನ್ನು ಉಣ್ಣುವುದಾದರೂ ಹೇಗೆ?"

ಅಪ್ಪ ಒಂದು ಕ್ಷಣ ಯೋಚಿಸಿ, "ತೊಳೆದಿದ್ದೀಯಲ್ಲ?" ಎಂದರು.

ಮನೆಯಲ್ಲಿ ಸಂಶಯಾತೀತವಾದ ಮುಚ್ಚಳ ಒಂದೇ ಒಂದಿತ್ತು, ಹಿಂದಿನ ವಾರ ತೆರೆದ ಜಾಮ್ ಬಾಟಲಿಯದು. ಅಮ್ಮ ಜಾಮನ್ನೆಲ್ಲ ಪಾತ್ರೆಗೆ ಸುರಿದು, ಮುಚ್ಚಳ ತೊಳೆದು ಒರೆಸಿ ನನ್ನ ಕೈಗಿತ್ತರು. "ಅದು ಸರಿ ಕೂರುವುದಿಲ್ಲ, ರಸ ಸೋರ್ತದೆ ಅಂತ ಹೇಳು. ಅಜ್ಜಿ ನೋಡುವ ಮೊದಲು ವೈನಿಯ ಹತ್ತಿರ ಬದಲಿಸಿಕೊಂಡು ಬಾ." (ಆ ಜಾಮನ್ನು ಮುಗಿಸಲು ನಾವು ದೋಸೆಗೂ ಜಾಮ್, ಚಪಾತಿಗೂ ಜಾಮ್ ತಿಂದದ್ದು ಮಮತಾಗೂ ನೆನಪಿದೆ. ಇದರಲ್ಲಿ ಮಾತ್ರ ನಮ್ಮ ಸಾಕ್ಷ್ಯ ಒಂದಾಗುತ್ತದೆ.)

ಮೇಲೆ ಬಾಗಿಲು ತೆರೆದಿತ್ತು. ಕಾಕು ಅಡುಗೆಮನೆಯ ಹೊಸ್ತಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದರು. ಅಜ್ಜಿ ಕಿಟಕಿಯ ಪಕ್ಕ ಮಣೆಯ ಮೇಲೆ ಕೂತಿದ್ದರು. ಬಾಟಲಿ ಅವರ ಮಡಿಲಲ್ಲಿ, ಮುಚ್ಚಳ ಅವರ ಕೈಯಲ್ಲಿ. ನಾನು ತಡವಾಗಿ ಬಂದಿದ್ದೆ.

"ಅಜ್ಜಿ, ಅದು ಸರಿ ಕೂರುವುದಿಲ್ಲವಂತೆ, ರಸ ಸೋರ್ತದಂತೆ. ಅಮ್ಮ ಇದು ಕೊಟ್ಟಿದ್ದಾರೆ," ಎಂದೆ. ಹೇಳುವಾಗಲೇ ನನಗೆ ಅದು ಸುಳ್ಳಿನಂತೆ ಕೇಳಿಸಿತು.

ಅಜ್ಜಿ ಮುಚ್ಚಳವನ್ನು ಮೂಗಿನ ಹತ್ತಿರ ತಂದರು. ಹಿಂದೆ ಒಯ್ದರು. ಮತ್ತೆ ತಂದರು.

"ಈ ಸಲ ನಿಮ್ಮವ್ವ ಇಂಗು ಜಾಸ್ತಿ ಹಾಕ್ಯಾಳ," ಎಂದರು ಅಜ್ಜಿ. "ಮುಚ್ಚಳಕ್ಕೂ ಹತ್ಯದ ನೋಡು. ತೊಗೊಂಡು ಹೋಗು. ಇಂದೂ, ಅನ್ನ ಆತೇನು?"

ಮಮತಾಳ ಪ್ರಕಾರ ಅಜ್ಜಿ ಅಂದದ್ದು ಇಂಗಿನ ಮಾತಲ್ಲ. "ಬಿಸಲಾಗ ಇಡು ಅಂತ ನಿಮ್ಮವ್ವಗ ಹೇಳು" ಎಂದು. ಎರಡನ್ನೂ ಅಂದಿರಬಹುದು. ಎರಡನ್ನೂ ಅನ್ನದೆ ಇದ್ದಿರಲೂಬಹುದು. ಆದರೆ ಆ ಮಧ್ಯಾಹ್ನ ಕಾಕು ಇಳಿದು ಬಂದು ನಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತದ್ದು ನಿಜ.

"ಸರೋಜಕ್ಕಾ, ಜೀವ ಬಾಯಿಗೆ ಬಂದಿತ್ತರಿ."

"ಇನ್ನು ನಾನು ಕೊಡುವುದಿಲ್ಲ ವೈನಿ. ನನಗೆ ಧೈರ್ಯ ಇಲ್ಲ."

"ಹಂಗನಬ್ಯಾಡ್ರಿ. ಇವತ್ತ ಎರಡು ತುತ್ತು ಹೆಚ್ಚಿಗಿ ಉಂಡಾರ."

ಅಂದಿನಿಂದ ಬಾಟಲಿ ಮುಚ್ಚಳವಿಲ್ಲದೆ, ಬಾಯಿಗೆ ಹಾಲಿನ ತೊಟ್ಟೆ ಕಟ್ಟಿಸಿಕೊಂಡು ಮೇಲೆ ಹೋಗತೊಡಗಿತು. ಆ ಜಾಮಿನ ಮುಚ್ಚಳವನ್ನು ಕಾಕು ತಮ್ಮಲ್ಲೇ ಇಟ್ಟುಕೊಂಡು, ಬಾಟಲಿಗೆ ಅಲ್ಲೇ ಹಾಕುತ್ತಿದ್ದರು. ಅಜ್ಜಿ ಬದುಕಿದ್ದಷ್ಟು ವರ್ಷ ಅಮ್ಮನ ಮಿಡಿಯನ್ನೇ ಉಂಡರು.

ಅಜ್ಜಿಗೆ ಗೊತ್ತಾಗಿತ್ತೇ? ಟೈಫಾಯ್ಡಿನಿಂದ ಅವರ ಮೂಗೇ ಸತ್ತಿತ್ತು ಎಂದು ಕಾಕು ಸಮಾಧಾನ ಹೇಳಿಕೊಂಡಿದ್ದರು. ಅದು ನಿಲ್ಲದ ವಾದ. ಸಂಜೆಯ ಗಾಳಿ ಬಂದಾಗ ಇಡೀ ಕಟ್ಟಡದಲ್ಲಿ ಮೊದಲು ಕಿಟಕಿ ಹಾಕಿಸುತ್ತಿದ್ದವರು ಅಜ್ಜಿಯೇ. ನನ್ನ ತೀರ್ಮಾನ ಬೇರೆ, ಮತ್ತು ಅದರ ಬಗ್ಗೆ ನನಗೆ ಕೊಂಚ ಹೆಮ್ಮೆಯೂ ಇತ್ತು: ಮೂಗು ಚೆನ್ನಾಗಿಯೇ ಇತ್ತು, ಆದರೆ ಮೂಗಿಗೂ ಅನುಭವ ಬೇಕಲ್ಲ? ಬಯಲುಸೀಮೆಯ ಮಡಿ ಹೆಂಗಸಿಗೆ ಒಣಸಿಗಡಿಯ ಪರಿಚಯವೆಲ್ಲಿಂದ ಬರಬೇಕು? ಅಪರಿಚಿತ ಘಾಟನ್ನು ತನಗೆ ತಿಳಿದ ಘಾಟಿಗೆ ಹೋಲಿಸಿ ಇಂಗು ಎಂದರು. ಅಜ್ಜಿ ಏನನ್ನೂ ಕ್ಷಮಿಸಲಿಲ್ಲ. ಕ್ಷಮಿಸುವಂಥದ್ದೇನೂ ಅವರಿಗೆ ಕಾಣಲೇ ಇಲ್ಲ. ಅಮ್ಮ ಮಾತ್ರ ಇದನ್ನು ಒಪ್ಪಲಿಲ್ಲ. "ನಾನು ಮಿಡಿಗೆ ಇಂಗು ಹಾಕುವುದೇ ಇಲ್ಲ. ಅಷ್ಟು ವರ್ಷ ಉಂಡವರಿಗೆ ಅದು ಗೊತ್ತಿರಲಿಲ್ವಾ?" ಎನ್ನುತ್ತಿದ್ದರು. ಅದನ್ನು ನಾನು ಭಾವುಕತೆಯ ಲೆಕ್ಕಕ್ಕೆ ಸೇರಿಸಿದ್ದೆ.

ಜಾಮಿನ ಮುಚ್ಚಳ ಮೂಸಿದ ವಾರ, ಹೋದದ್ದು ನಾನೋ ಮಮತಾಳೋ ಎಂಬುದನ್ನಾದರೂ ಇತ್ಯರ್ಥ ಮಾಡೋಣವೆಂದು ಡೊಂಬಿವಲಿಯ ಪಕ್ಕದ ಕಲ್ಯಾಣ್ ಪಟ್ಟಣಕ್ಕೆ ಹೋದೆ. ಕಾಕು ಮತ್ತು ಅವರ ಗಂಡ ಕಾಕಾ ಈಗ ಅಲ್ಲಿ ಮಗನ ಜೊತೆಗಿದ್ದಾರೆ.

"ಯಾರು ಬಂದ್ರೋ ಯಾರಿಗೆ ನೆನಪದನೋ. ನಾ ಅತ್ತಿಯವರ ಮಾರಿ ನೋಡಲಿಕ್ಕೆ ಹತ್ತಿದ್ದೆ," ಎಂದರು ಕಾಕು. ನಾನು ನನ್ನ ತೀರ್ಮಾನವನ್ನು ಮುಂದಿಟ್ಟೆ. ಅವರಿಗೆ ಅದು ಹಿಡಿಸಿತು. "ಹೌದಲ್ಲ? ಧಾರವಾಡದಾಕಿಗೆ ಸಿಗಡಿ ವಾಸನಿ ಹೆಂಗ ತಿಳೀಬೇಕು?"

ಟೀವಿ ನೋಡುತ್ತಿದ್ದ ಕಾಕಾ ತಲೆ ತಿರುಗಿಸಿದರು. "ಅವ್ವ ಎಲ್ಲಿ ಧಾರವಾಡದಾಕಿ? ಲಗ್ನ ಆಗೂತನಾ ಕಾರವಾರದಾಗ ಇದ್ಲು. ಅವರಪ್ಪ ಅಲ್ಲೇ ಸಾಲಿ ಮಾಸ್ತರ ಇದ್ರು."

ಕಾಕು ರಿಮೋಟು ಎತ್ತಿಕೊಂಡು ಟೀವಿ ಆರಿಸಿದರು. ಆಮೇಲೆ, "ಇಷ್ಟು ವರ್ಷ ನಂಗ ಹೇಳೇ ಇಲ್ಲಲ್ಲ ನೀವು?" ಎಂದರು.

"ನೀ ಎಲ್ಲಿ ಕೇಳಿದಿ?"

ಒಬ್ಬರ ಮಾತಿನ ಮೇಲೆ ನಿಲ್ಲುವುದು ನನ್ನ ಅಭ್ಯಾಸವಲ್ಲ. ಹುಬ್ಬಳ್ಳಿಯಲ್ಲಿರುವ ಅಜ್ಜಿಯ ತಮ್ಮನ ನಂಬರು ತೆಗೆದುಕೊಂಡು ಫೋನು ಮಾಡಿದೆ. ವಯಸ್ಸಾದವರು, ಆದರೆ ಗಟ್ಟಿ ದನಿ. ಕಾರವಾರದ ಮನೆ ಎಲ್ಲಿತ್ತು ಎಂದು ಕೇಳಿದೆ. ಬಂದರಿನ ಹತ್ತಿರ, ಎಂದರು. ಹಿತ್ತಲಿನ ಆಚೆ ಮೀನುಗಾರರ ಮನೆಗಳು; ಅವರು ಬಯಲಲ್ಲಿ ಚಾಪೆ ಹಾಸಿ ಸಿಗಡಿ ಒಣಗಿಸುತ್ತಿದ್ದರು. ಒಣಗಲು ಹಾಕಿ ಹೆಂಗಸರೆಲ್ಲ ಪೇಟೆಗೆ ಹೋದರೆ, ಸಾಲಿ ಇಲ್ಲದ ದಿನ ಕಾಗೆ ಓಡಿಸಲು ಕೋಲು ಹಿಡಿದು ಕಾಯುತ್ತ ಕೂರುತ್ತಿದ್ದವಳು ತನ್ನ ಅಕ್ಕ. ಇದನ್ನು ಅವರಿಂದ ಎರಡು ಸಲ ಹೇಳಿಸಿ ಖಚಿತ ಮಾಡಿಕೊಂಡಿದ್ದೇನೆ.