ಅರ್ಧ ಕೋಯ್ತಾ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದರೆ ರವದಿ ಸುಟ್ಟ ವಾಸನೆ ಒಳಗೆ ನುಗ್ಗಿತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ಯಾರೋ ಬೆಂಕಿ ಇಟ್ಟಿದ್ದರು. ಅಕ್ಕೋರ ಸೀರೆಗೂ ಹೀಗೇ ವಾಸನೆ ಬರುತ್ತಿತ್ತು, ಆ ಮಾರ್ಚಿನಲ್ಲಿ…

ನಾನು ಮದುವೆಯಾಗಿ ಉಗಾರಕ್ಕೆ ಬಂದ ಹೊಸತು. ನಮ್ಮ ಹಿತ್ತಲಿನ ತಗಡು ಹೊದಿಸಿದ ಪತ್ರಾಸಿನ ಖೋಲಿಯನ್ನು ಒಂದು ಸಣ್ಣ ಸಂಸ್ಥೆಯವರು ಬಾಡಿಗೆಗೆ ಕೇಳಿದರು. ಬಡವರ ಮನೆಯ, ದುಡಿಯಲು ಊರು ಬಿಟ್ಟು ಬಂದವರ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಸಂಸ್ಥೆ. ಅದನ್ನು ನಡೆಸಲು ಬಂದ ಶಿಕ್ಷಕಿಯೇ ಅಕ್ಕೋರು. ನೆರೆತ ಕೂದಲು, ಸೆರಗಿಗೆ ಸದಾ ಎರಡು ಪಿನ್ನು, ಸಕ್ಕರೆ ಕಾಯಿಲೆಯ ಗುಳಿಗೆ ಸೊಂಟದ ಚೀಲದಲ್ಲಿ.

ಜತ್ತದ ಕಡೆಯಿಂದ ಕಬ್ಬು ಕಡಿಯಲು ಬಂದವರ ಹುಡುಗಿಯರು ಎಳೆಯ ತಮ್ಮಂದಿರನ್ನೋ ತಂಗಿಯರನ್ನೋ ಕಂಕುಳಲ್ಲಿ ಹೊತ್ತೇ ಬರುತ್ತಿದ್ದರು. ಕೂಸು ಬೇಡವೆಂದರೆ ಹುಡುಗಿಯೂ ಬರುವುದಿಲ್ಲವೆಂದು ಅಕ್ಕೋರಿಗೆ ಗೊತ್ತಿತ್ತು. ಹಳೆಯ ಸೀರೆಗಳನ್ನು ತೊಲೆಗೆ ಕಟ್ಟಿ ಜೋಳಿಗೆ ಮಾಡಿದರು. ಕಾಲಲ್ಲಿ ಜೋಳಿಗೆ ತೂಗುತ್ತಲೇ ಹುಡುಗಿಯರು ಬರೆಯುತ್ತಿದ್ದರು. "ನೀವು ಕಾನ್ವೆಂಟಿನ್ಯಾಗ ಕಲ್ತವರು, ಇವ್ರಿಗೆ ಒಂದೀಟು ಇಂಗ್ಲಿಷ್ ಹೇಳ್ಕೊಡ್ರೆಲಾ" ಎಂದು ನನ್ನನ್ನೂ ಎಳೆದುಕೊಂಡರು.

ಅವರಲ್ಲಿ ಒಬ್ಬಳಿಗೆ ಅಕ್ಕೋರು ಹೊರಗಿನಿಂದ ಹತ್ತನೆಯ ಪರೀಕ್ಷೆ ಕಟ್ಟಿಸಿದ್ದರು. ಮಾತು ಕಡಿಮೆ; ಬರೆಯುವಾಗ ನಾಲಿಗೆಯ ತುದಿ ಕಚ್ಚುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಅವಳ ತಾಯಿಯ ಕಾಲಿಗೆ ಕೋಯ್ತಾ ಬಡಿದು ಗಾಯವಾಯಿತು. ಕಬ್ಬು ಕಡಿಯುವ ಆ ಕತ್ತಿಗೂ ಕೋಯ್ತಾ ಎನ್ನುತ್ತಾರೆ, ಅದನ್ನು ಹಿಡಿಯುವ ಜೋಡಿಗೂ ಕೋಯ್ತಾ ಎನ್ನುತ್ತಾರೆ. ಒಬ್ಬರು ಕಡಿಯಬೇಕು, ಒಬ್ಬರು ಹೊರೆ ಕಟ್ಟಬೇಕು. ತಾಯಿ ಮಲಗಿದ್ದರಿಂದ ಮಗಳು ಹೊಲಕ್ಕಿಳಿದಳು. ಅವರ ಕಬ್ಬಿನ ಗ್ಯಾಂಗಿನಲ್ಲಿ ಜೋಡಿ ಇಲ್ಲದ ಹುಡುಗನೊಬ್ಬನಿದ್ದ. ಹೇಗೂ ಹೊಲಕ್ಕೆ ಇಳಿದಿದ್ದಾಳೆ, ಮುಂದಿನ ಹಂಗಾಮಿಗೆ ಮದುವೆ ಮಾಡಿ ಇಬ್ಬರನ್ನೂ ಒಂದು ಕೋಯ್ತಾ ಮಾಡಿದರಾಯಿತು ಎಂಬ ಮಾತು ಗುಡಿಸಲುಗಳಲ್ಲಿ ಆಗಲೇ ಓಡಾಡುತ್ತಿತ್ತು.

ಅಕ್ಕೋರು ನನ್ನನ್ನೂ ಕರೆದುಕೊಂಡು ಅವಳ ಗುಡಿಸಲಿಗೆ ಹೋದರು. ತಂದೆ ಕೂತಲ್ಲಿಂದ ಎದ್ದು ನಿಂತ.

"ಅರ್ಧಾ ಕೋಯ್ತಾಕ್ಕ ಯಾರೂ ಕೆಲಸಾ ಕೊಡಂಗಿಲ್ರೀ ಅಕ್ಕೋರ. ಆಕಿ ಬರಲಿಲ್ಲಂದ್ರ ನನ್ನೂ ಮನಿಗಿ ಕಳಸ್ತಾರ."

"ಹಂಗಾರ ಪರೀಕ್ಷಾ ಇದ್ದ ದಿನಾ ನಾ ಬರ್ತೀನಿ. ಕಡ್ಯಾಕ ಬರೂದಿಲ್ಲ ನನಗ, ಹೊರಿ ಕಟ್ತೀನಿ."

ಅವನು ನನ್ನ ಮುಖ ನೋಡಿದ. ಇದು ತಮಾಷೆಯೋ ನಿಜವೋ ಎಂದು ನನಗೂ ತಿಳಿಯಲಿಲ್ಲ.

ನಿಜವೇ ಆಗಿತ್ತು. ಮೊದಲ ಪರೀಕ್ಷೆಯ ದಿನ ಹುಡುಗಿ ತನ್ನ ತಮ್ಮನನ್ನು ನನ್ನ ಮಡಿಲಿಗೆ ಹಾಕಿ ಪರೀಕ್ಷೆಗೆ ಹೋದಳು. ಅಕ್ಕೋರು ತಲೆಗೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಹೋದರು. ಗ್ಯಾಂಗಿನ ಮೇಲಿನ ಮುಕಾದಮ ಎಲ್ಲರಿಗೂ ಕೇಳುವಂತೆ ಕೂಗಿದನಂತೆ:

"ಏನ್ರಿ ಅಕ್ಕೋರ, ಪಾಟಿ-ಪುಸ್ತಕ ಬಿಟ್ಟು ಹೊರಿ ಹಿಡದ್ರಿ? ನಾಳಿಂದ ನಿಮ್ಮ ಸಾಲಿ ನಾ ನಡಸ್ಲೇನು?"

"ನಡಸ್ರಲಾ! ಮೊದಲ ಕೂಸುಗೋಳ ಮೂಗ ಒರಸಾಕ ಕಲೀರಿ."

ಹೆಂಗಸರೆಲ್ಲ ನಕ್ಕರಂತೆ. ನನಗೆ ನಗು ಬರಲಿಲ್ಲ. ಪರೀಕ್ಷೆ ಇದ್ದ ದಿನವೆಲ್ಲ ಕೂಸನ್ನೆತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಹೊಲದಲ್ಲಿ ಬಿಳಿ ಟವೆಲ್ ಕಂಡರೆ ಉಸಿರು ಬಿಡುತ್ತಿದ್ದೆ, ಅದು ಬಗ್ಗಿ ಮರೆಯಾದರೆ ಬಿದ್ದರೇನೋ ಎಂದು ತುದಿಗಾಲಲ್ಲಿ ನಿಂತು ಹುಡುಕುತ್ತಿದ್ದೆ. ಗುಳಿಗೆ ತೆಗೆದುಕೊಂಡರೋ ಇಲ್ಲವೋ… ಆ ಕಡೆ ಹುಡುಗಿಯನ್ನು ಪರೀಕ್ಷೆಯ ನಡುವೆ ಗ್ಯಾಂಗಿನವರು ಯಾರಾದರೂ ಎಬ್ಬಿಸಿಕೊಂಡು ಹೋದರೆ?

ಗಣಿತದ ದಿನ ಗ್ಯಾಂಗು ನದಿಯ ಕಡೆಯ ಹೊಲಕ್ಕೆ ಹೋಗಿತ್ತು. ಮಾಳಿಗೆಯಿಂದ ಏನೂ ಕಾಣಲಿಲ್ಲ. ಹುಡುಗಿ ಬಂದಳು, ಅಕ್ಕೋರು ಬರಲಿಲ್ಲ. ಇಬ್ಬರೂ ಗೇಟಿನ ಹತ್ತಿರ ಕಾಯುತ್ತ ನಿಂತೆವು. ಹೊತ್ತು ಮುಳುಗುವ ಮುನ್ನ ಅಕ್ಕೋರು ಕಬ್ಬು ತುಂಬಿದ ಟ್ರ್ಯಾಕ್ಟರಿನಿಂದ ಮೆಲ್ಲಗೆ ಇಳಿದರು. ಅಂಗೈಯಲ್ಲಿ ಎಲೆಯಂಚು ಕೊಯ್ದ ಕೆಂಪು ಗೀರುಗಳು. ನೀರು ಕೇಳುವ ಮೊದಲು ಕೇಳಿದ್ದು, "ಹೆಂಗಾತವಾ?"

"ಒಂದ ಲೆಕ್ಕಾ ಬಿಟ್ಟೇನ್ರಿ" ಎಂದು ಅವಳು ಅಳತೊಡಗಿದಳು.

"ಒಂದ್ ಬಿಟ್ಟಿದ್ದಕ್ಕ ಅಳತಾರೇನ ಹುಚ್ಚಿ? ನಾ ಕಬ್ಬಿನ ಅರ್ಧಾ ಸಾಲು ಬಿಟ್ಟ ಬಂದೀನಿ!"

ಅವಳು ಪಾಸಾದಳು. ಮರುವರ್ಷ ತಂದೆ, ಕಾಲು ವಾಸಿಯಾದ ತಾಯಿ ಇಬ್ಬರೇ ಬಂದರು. ಮಗಳು ಜತ್ತದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ ಎಂದರು. ಆಮೇಲೆ ಅವರೂ ಬರಲಿಲ್ಲ. ಸಂಸ್ಥೆಯವರು ಇಲ್ಲಿಯ ಖೋಲಿ ಬಿಟ್ಟು ಅಕ್ಕೋರನ್ನು ಅಥಣಿಗೆ ಕಳಿಸಿದರು.

ಆದರೂ ದೀಪಾವಳಿ ಮುಗಿದು ಗ್ಯಾಂಗುಗಳು ಊರಿಗೆ ಬಂದಾಗಲೆಲ್ಲ ಅಕ್ಕೋರ ಫೋನು ಬರುತ್ತಿತ್ತು. ಕುಶಲ ಗಿಶಲ ಏನಿಲ್ಲ. "ಬಂದಾಳೇನ್ರಿ?" ಅಷ್ಟೇ. ಯಾರದೋ ಜೋಡಿಯಾಗಿ, ಕೈಯಲ್ಲಿ ಕೋಯ್ತಾ ಹಿಡಿದು ಅವಳು ಬಂದುಬಿಟ್ಟಾಳು ಎಂಬ ಹೆದರಿಕೆ ಇಬ್ಬರಿಗೂ ಇತ್ತು. "ಇಲ್ರಿ, ಕಾಣಲಿಲ್ಲ" ಎನ್ನುತ್ತಿದ್ದೆ. "ಹಂಗಾರ ಛಲೋ ಆತು" ಎಂದು ಫೋನು ಇಡುತ್ತಿದ್ದರು.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಸಲವೂ ಗ್ಯಾಂಗುಗಳು ಬಂದಿವೆ. ನಿನ್ನೆ ಗೇಟಿನಲ್ಲಿ ನಿಂತು ಟ್ರ್ಯಾಕ್ಟರಿನ ಮೇಲೆ ಕೂತ ಒಬ್ಬೊಬ್ಬ ಹೆಂಗಸಿನ ಮುಖ ನೋಡಿದೆ. ಹಿಂದಿನ ಟ್ರೇಲರಿನಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡವಳೊಬ್ಬಳು ಬೆನ್ನು ಮಾಡಿ ಕೂತಿದ್ದಳು. ಅದೇ ಸಣ್ಣ ಕುತ್ತಿಗೆ, ಅದೇ ಬಾಗಿದ ಹೆಗಲು… ಟ್ರ್ಯಾಕ್ಟರು ತಿರುವಿಗೆ ಹೊರಳಿತು, ಅವಳು ಈಚೆ ತಿರುಗಿದಳು.

ಅವಳಲ್ಲ.

ಒಳಗೆ ಬಂದು ಫೋನು ಕೈಗೆತ್ತಿಕೊಂಡಿದ್ದೆ. ಯಾರಿಗೆ ಹೇಳಲಿ, ಬಂದಿಲ್ಲ ಎಂದು?