ಮಳೆಗೆ ಏಳುವ ಗಡ್ಡೆಗಳು

ಕಸದ ಗಾಡಿಯ ಹಾಡು ಬೀದಿಯ ಆ ತುದಿಯಲ್ಲಿ ಕೇಳಿಸಿದಾಗ ರತ್ನಮ್ಮ ರೊಟ್ಟಿ ತಟ್ಟುತ್ತಿದ್ದಳು. ಹಸಿಕಸ ಬೇರೆ ಇಡಿ, ಒಣಕಸ ಬೇರೆ ಇಡಿ ಎಂದು ಯಾವಳೋ ಹುಡುಗಿ ಗುಜರಾತಿಯಲ್ಲಿ ಹಾಡಿದ್ದು. ವಡೋದರಾದ ಈ ಬಡಾವಣೆಗೆ ಬೆಳಗಾಗುವುದೇ ಆ ಸೀಳು ದನಿಯಿಂದ. ದಿನವೂ ಅದು ಕಿವಿಗೆ ಬೀಳುತ್ತಲೇ ಬಕೆಟ್ಟು ಹಿಡಿದು ಗೇಟಿಗೆ ಓಡುವವಳು ಇವತ್ತು ಓಡಲಿಲ್ಲ. ಮಗಳು ಗಗನಾ ನಿನ್ನೆ ಸಂಜೆ ಸೂರತ್ತಿನಿಂದ ಬಂದಿದ್ದಳು.

"ಮಮ್ಮಿ, ನೀನ್ ಬರಬೇಡ. ಕಚ್ರಾ ನಾನ್ ಕೊಡ್ತೀನಿ" ಎಂದು ಹೊರಗಿನಿಂದಲೇ ಕೂಗಿದಳು.

ಗಾಡಿ ನಿಂತಿತು. ಏನೋ ಭಾರದ್ದು ದೊಪ್ಪೆಂದು ಬಿದ್ದ ಸದ್ದು. ಮತ್ತೊಮ್ಮೆ ಬಿತ್ತು. ಗಾಡಿ ಹೊರಟಿತು. ಒಬ್ಬಳೇ ಇರುವ ಮನೆಯಲ್ಲಿ ಅಷ್ಟೊಂದು ಕಸ ಎಲ್ಲಿಂದ ಬಂತು ಎಂದು ರತ್ನಮ್ಮನಿಗೆ ಅನ್ನಿಸಿದ್ದು ಹಾಡು ದೂರವಾದ ಮೇಲೆ. ಮಗಳು ಮನೆಯಲ್ಲಿದ್ದಾಳೆ ಎಂಬ ನೆಮ್ಮದಿಯಲ್ಲಿ ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಉಂಡೆ ತಟ್ಟತೊಡಗಿದಳು. ಗಂಡ ಹಾಲಪ್ಪ ತೀರಿಹೋದ ಮೇಲೆ ಅವಳು ರೊಟ್ಟಿ ಮಾಡುವುದೇ ಮಗಳು ಬಂದ ದಿನ ಮಾತ್ರ.

ರತ್ನಮ್ಮ ಹೊಳಲ್ಕೆರೆ ಕಡೆಯ ಹುಡುಗಿ. ಮದುವೆಯಾಗಿ ಬಂದದ್ದು ಗುಜರಾತಿನ ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿಗೆ. ಹಾಲಪ್ಪ ಅಲ್ಲಿ ಬಾಯ್ಲರ್ ವಿಭಾಗದಲ್ಲಿದ್ದ. ಮೊದಲ ಮನೆಯ ಮುಂದೆ ಅವಳು ದುಂಡುಮಲ್ಲಿಗೆ ಹಾಕಿದ್ದಳು. ಅದು ಗೋಡೆ ಹಿಡಿದು ಮೇಲೆದ್ದು ಬೀದಿಗೆಲ್ಲ ಗಮಗುಡುವ ಹೊತ್ತಿಗೆ ಗಂಡನಿಗೆ ಬಡ್ತಿ ಬಂತು. ಬಡ್ತಿ ಬಂದರೆ ದೊಡ್ಡ ಮನೆ. ದೊಡ್ಡ ಮನೆ ಅಂದರೆ ಬೇರೆ ಸಾಲು. ಹೊಸದಾಗಿ ಬಂದವರು ಸ್ಕೂಟರ್ ನಿಲ್ಲಿಸಲು ತಗಡು ಹಾಕಿಸಿ ಮಲ್ಲಿಗೆಯನ್ನು ಬುಡಕ್ಕೆ ಕಡಿದರು. ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಅದನ್ನು ನೋಡಿ ಬಂದ ರತ್ನಮ್ಮ ಮತ್ತೆಂದೂ ಬೇರೂರಿ ನಿಲ್ಲುವ ಗಿಡ ಹಾಕಲಿಲ್ಲ. ಕಾಲೋನಿಯ ರೂಢಿಯೂ ಹಾಗೇ ಇತ್ತು. ಚೆಂಡುಹೂ, ಗೌರಿಪೂಜೆಗೆ ಕರ್ಣಕುಂಡಲ, ಚಳಿಗೆ ನರ್ಸರಿಯ ಪೆಟೂನಿಯಾ; ಎಲ್ಲ ಒಂದೇ ಋತುವಿನವು. ಹೋಳಿ ಕಳೆದು ಬಿಸಿಲು ಏರಿದ ಮೇಲೆ ಒಂದು ರವಿವಾರ ಇಡೀ ಸಾಲಿನವರು ಸೇರಿ ಪಾತಿ ಅಗೆದು, ಬೇರು ಸಮೇತ ಎಲ್ಲ ಕಿತ್ತು, ಮಣ್ಣನ್ನು ಬಿಸಿಲಿಗೆ ತಿರುವಿ ಹಾಕುತ್ತಿದ್ದರು. ಪುಟ್ಟ ಗಗನಾಳ ಕೈಗೂ ಹಾಲಪ್ಪ ಮಣ್ಣು ಕೆದಕುವ ಒಂದು ಕುರ್ಪಿ ಕೊಡುತ್ತಿದ್ದ. "ಒಂದು ಬೇರೂ ಉಳೀಬಾರ್ದು ನೋಡವ್ವ. ಚೊಕ್ಕ ಆಗ್ಬೇಕು." ಅವಳು ಮೂಗಿಗೆಲ್ಲ ಮಣ್ಣು ಬಳಿದುಕೊಂಡು ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು.

ನಿವೃತ್ತಿಯಾದಾಗ ಊರಿಗೆ ಹೋಗೋಣವೆಂದು ಇಬ್ಬರೂ ಅನ್ನಲಿಲ್ಲ. ಮಗಳು ಸೂರತ್ತಿನ ಬಟ್ಟೆ ಕಂಪನಿಯಲ್ಲಿ ಡಿಸೈನು ಬರೆಯುತ್ತಿದ್ದಳು; ಊರಲ್ಲಿ ಅವರನ್ನು ಗುರುತಿಸುವವರೂ ಕಡಿಮೆಯಾಗಿದ್ದರು. ವಡೋದರಾದ ಅಂಚಿನಲ್ಲಿ ಒಂದು ಮನೆ ಕೊಂಡರು. ಕೀಲಿ ಕೈಗೆ ಬಂದ ದಿನ ಹಾಲಪ್ಪ ಮನೆಯೊಳಗೆ ಹೋಗದೆ ಮುಂದಿನ ಮಣ್ಣಲ್ಲಿ ನಿಂತ. "ರತ್ನಾ, ಇನ್ನು ಬೇರಿರೋ ಗಿಡ ಹಾಕ್ಬೋದು ಕಣೆ."

ಗಿಡ ತರುವ ಮೊದಲು ಅವನು ಬಿಸಿಲನ್ನು ನೋಡಿದ. ಸ್ಟೂಲು ಹಾಕಿಕೊಂಡು ದಿನವಿಡೀ ಕೂತ. ನೆರಳು ಬಿದ್ದಲ್ಲಿ ಇಡಲೆಂದು ಇಟ್ಟಿಗೆ ಚೂರು ಮಡಿಲಲ್ಲಿ ಇಟ್ಟುಕೊಂಡಿದ್ದ. ಸಂಜೆ ಚೂರುಗಳೆಲ್ಲ ಮಡಿಲಲ್ಲೇ ಇದ್ದವು.

"ನೆರಳೇ ಇಲ್ಲ ಮಾರಾಯ್ತಿ. ಬೆಳಗಿಂದ ಬೈಗಿನ ತನಕ ಬೆಂಕಿ."

"ನಿಮ್ ಬಾಯ್ಲರೇ ವಾಸಿ ಅನ್ನಿ" ಎಂದಿದ್ದಳು ಅವಳು. "ಗುಲಾಬಿ ಹಾಕೋಣ್ವಾ?"

"ಮೇ ತಿಂಗ್ಳಲ್ಲಿ ಸುಟ್ಟು ಹಪ್ಪಳ ಆಗ್ತದೆ. ಈ ಬಿಸಿಲ ಜತೆ ಜಗಳ ಆಡೋವು ಬೇಡ. ಬಿಸಿಲು ಬಂತಾ, ಒಳಗೆ ಹೋಗಿ ಮಲಗಿಬಿಡಬೇಕು. ಮಳೆ ಬಂತಾ, ಎದ್ದು ಬರಬೇಕು. ಅಂಥವು ಹುಡುಕ್ತೀನಿ."

ಹುಡುಕಿ ತಂದ. ಸಂಜೆಮಲ್ಲಿಗೆಯ ಕಪ್ಪು ಗಡ್ಡೆ, ಸುಗಂಧರಾಜದ ಗಡ್ಡೆಗಳು, ಊರಿಂದ ಯಾರ ಕೈಲೋ ತರಿಸಿದ ಗೌರಿಹೂವಿನ ಗಡ್ಡೆ. ಶುಂಠಿಯ ಹಾಗೆ ಕವಲೊಡೆದದ್ದು. ಹೋದ ವರ್ಷ ಮೊದಲ ಮಳೆ ಬಿದ್ದ ಮಣ್ಣಿನಲ್ಲಿ ಮಂಡಿಯೂರಿ ಒಂದೊಂದನ್ನೂ ಮಲಗಿಸಿದ. ಸಂಜೆಮಲ್ಲಿಗೆ ಆ ಮಳೆಗಾಲದಲ್ಲೇ ಹೂ ಬಿಟ್ಟಿತು. ಗೌರಿಹೂ ಬಳ್ಳಿಯಾಗಿ ಎಲೆತುದಿಯಿಂದ ಕಡ್ಡಿ ಹಿಡಿದು ಹತ್ತಿತು, ಹೂ ಕೊಡಲಿಲ್ಲ. "ಮೊದ್ಲ ವರ್ಷ ಅಲ್ವಾ, ನಾಚಿಕೆ" ಎಂದ ಹಾಲಪ್ಪ. ದೀಪಾವಳಿ ಹೊತ್ತಿಗೆ ಬಳ್ಳಿ ಹಳದಿಯಾದಾಗ ಅವಳು ಗಾಬರಿಯಾದಳು. "ಒಣಗಿದ್ವು ಅಂತ ಕೀಳಬೇಡ ಕಣೆ ಮತ್ತೆ. ಒಳಗೆ ಮಲಗಿರ್ತಾವೆ. ಮಳೆಗೆ ಏಳ್ತಾವೆ, ಬರೋ ವರ್ಷ ಹೂ ನೋಡೀವಂತೆ."

ಅದಾಗಿ ಕೆಲವೇ ದಿನಕ್ಕೆ, ಬೆಳಗಿನ ಚಹಾ ಲೋಟ ಕೆಳಗಿಡುವಾಗ, ಅವನು ಕುರ್ಚಿಯಲ್ಲೇ ವಾಲಿದ. ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿಯಿತು.

ಬಂದವರು ಹೋದರು. ಚಳಿ ಹೋಯಿತು, ಬೇಸಿಗೆ ಬಂತು. ಪಾತಿಯಲ್ಲಿ ಒಣಕಡ್ಡಿಗಳು ಮಾತ್ರ ನಿಂತವು. ರತ್ನಮ್ಮ ದಿನವೂ ಅವುಗಳ ಎದುರು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನೀರು ಹಾಕುವಂತಿರಲಿಲ್ಲ, ಕೊಳೆಯುತ್ತವೆ. ಕಾಯುವುದಷ್ಟೇ. ಊಟ ಯಾಕೆ, ನಿದ್ದೆ ಯಾಕೆ ಎನ್ನಿಸಿದಾಗೆಲ್ಲ ಅವಳು ತನಗೇ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು: ಮಳೆ ಬರಲಿ. ಅವನು ಕೈಯಾರೆ ಇಟ್ಟದ್ದು ಕಣ್ಣೆದುರಿಗೆ ಎದ್ದು ಬರುವುದನ್ನು ನೋಡಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹುಚ್ಚು ಅಂದಾರು. ಈಗ ಜೂನ್ ಶುರುವಾಗಿತ್ತು, ಗಾಳಿ ದಿಕ್ಕು ಬದಲಿಸಿತ್ತು.

ಕೊನೆಯ ರೊಟ್ಟಿ ಹೆಂಚಿನಿಂದ ಇಳಿಸುವಷ್ಟರಲ್ಲಿ ಗಗನಾ ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೆ ಮಣ್ಣು, ಮೂಗಿನ ಮೇಲೂ ಮಣ್ಣು.

"ಕಣ್ ಮುಚ್ಕೊ ಮಮ್ಮಿ. ಬಾ, ಬಾ. ಸರ್‌ಪ್ರೈಸ್!"

ಹಿಟ್ಟಿನ ಕೈಯಲ್ಲೇ ರತ್ನಮ್ಮ ಹೊರಗೆ ಬಂದಳು. ಮಗಳು ಅವಳ ಕಣ್ಣ ಮೇಲಿನಿಂದ ಅಂಗೈ ತೆಗೆದಳು.

ಪಾತಿ ಬರಿದಾಗಿತ್ತು. ಒಂದು ಕಡ್ಡಿ ಇರಲಿಲ್ಲ. ಆಳಕ್ಕೆ ಅಗೆದ ಮಣ್ಣು ಹೆಂಟೆ ಒಡೆದು, ಸಮ ಮಾಡಿ, ಬಿಸಿಲಿಗೆ ಹರವಿ ಬಿದ್ದಿತ್ತು.

"ಐದು ಗಂಟೆಗೇ ಎದ್ದೆ. ನೋಡು, ಒಂದು ಬೇರೂ ಬಿಟ್ಟಿಲ್ಲ. ಪಪ್ಪಾ ಇದ್ದಿದ್ರೆ ಶಹಬ್ಬಾಸ್ ಅಂತಿದ್ರು, ಅಲ್ವಾ?" ಗಗನಾ ಉಸಿರು ಬಿಡದೆ ಹೇಳುತ್ತಿದ್ದಳು. "ನೀನು ದಿನಾ ಆ ಸೂಖಾ ಕಡ್ಡಿ ನೋಡ್ಕೊಂಡ್ ಕೂರ್ತೀಯಂತೆ, ಕೃಪಾಬೆನ್ ಫೋನ್ ಮಾಡಿದ್ರು. ನಂಗೆ ಆಫೀಸಲ್ಲಿ ಅಳು ಬಂತು, ಗೊತ್ತಾ? ಒಳಗೆ ಏನೇನೋ ಇತ್ತು ಮಮ್ಮಿ, ಅದೇ ಅದರಕ್, ಶುಂಠಿ ಥರ, ಆಲೂ ಥರ. ಎಲ್ಲ ಸಡ್ ಗಯಾ, ಕೊಳೆತೋಗಿದೆ ಅಂತ ಗಾಡಿಗೆ ಹಾಕ್ಬಿಟ್ಟೆ. ಎರಡು ಗೋಣಿಚೀಲ!"

ಪಕ್ಕದ ಮನೆಯ ಕೃಪಾಬೆನ್ ಕಾಂಪೌಂಡಿನ ಮೇಲಿಂದ ಕತ್ತು ಹಾಕಿ ನಗುತ್ತ ಹಿಂದಿಯಲ್ಲಿ ಅಂದಳು. "ಏನು ರತ್ನಾಬೆನ್, ನಿಮ್ಮ ತೋಟ ನನ್ನ ಗಂಡನ ಬೋಳುತಲೆ ಥರ ಆಗೋಯ್ತಲ್ಲ! ಮಗಳು ಒಳ್ಳೇ ಕ್ಷೌರ ಮಾಡಿದಾಳೆ. ಈಗಲಾದ್ರೂ ನಗ್ರಿ ಸ್ವಲ್ಪ."

ರತ್ನಮ್ಮ ಮಣ್ಣನ್ನೇ ನೋಡುತ್ತಿದ್ದಳು. ಒಂದು ಕಡೆ ಕುರ್ಪಿಯ ಏಟು ಬಿದ್ದ ಗುರುತು, ಅದರಲ್ಲಿ ಬೆಳ್ಳಗಿನ ಏನೋ ರಸ ಆಗಲೇ ಒಣಗುತ್ತಿತ್ತು. ಗಡ್ಡೆಗಳು ಕೊಳೆತಿರಲಿಲ್ಲ. ಬಾಯಿ ತೆರೆದಳು. ಮಗಳ ಮೂಗಿನ ಮೇಲಿನ ಮಣ್ಣು ಕಂಡಿತು. ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ಚೊಕ್ಕ ಆಗೈತೆ ಕಣವ್ವ" ಎಂದಳು.

"ಸಂಜೆ ನರ್ಸರಿಗೆ ಹೋಗೋಣ. ಗೇಂದಾ, ಅದೇ ಚೆಂಡುಹೂವಿನ ಬೀಜ ತರೋಣ, ಮಳೆ ಬರೋದ್ರೊಳಗೆ." ಗಗನಾ ಕೈ ಕೊಡವಿಕೊಂಡು ಗೇಟಿನ ಪಕ್ಕದ ಕಣಗಿಲೆಯ ಹತ್ತಿರ ಹೋದಳು. ಮನೆ ಕಟ್ಟಿ ಮಾರಿದವನು ನೆಟ್ಟು ಹೋದ, ಯಾರ ಆರೈಕೆಯೂ ಬೇಡದ ಗಿಡ ಅದು. ಆ ಅಂಗಳದಲ್ಲಿ ಹಸಿರಾಗಿ ಉಳಿದಿದ್ದು ಅದೊಂದೇ. ಅವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಮಮ್ಮಿ, ಹೋದ್ ವರ್ಷ ಪಪ್ಪಾ ಫೋನಲ್ಲಿ ಹೇಳಿದ್ರು, ನಾನೇ ಗಿಡ ಹಾಕಿದೀನಿ, ಬಂದು ನೋಡು ಅಂತ. ರಜೆ ಸಿಗ್ಲಿಲ್ಲ. ಇದೇ ತಾನೆ ಅದು? ಒಂದು ಕೊಂಬೆ ಕಟ್ ಮಾಡಿ ಸೂರತ್‌ಗೆ ತಗೊಂಡ್ ಹೋಗ್ಲಾ? ನನ್ ಬಾಲ್ಕನೀಲಿ ಪೂರಾ ಬಿಸಿಲು. ಪಪ್ಪಾದು ಅಂತ ಏನಾದ್ರೂ ಒಂದು ನನ್ ಹತ್ರ ಇರ್ಲಿ."

ಹೂಂ ಅಂದರೆ ಸಾಕಿತ್ತು. ಆ ಒಂದು ಅಕ್ಷರ ರತ್ನಮ್ಮನ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಆ ಸೀಳು ದನಿ ಮತ್ತೆ ಕೇಳಿಸಿತು. ಈ ಬೀದಿ ಮುಗಿಸಿದ ಗಾಡಿ ಆ ಬೀದಿಗೆ ತಿರುಗಿ, ಮನೆಮನೆಗೆ ನಿಂತು ಹೊರಡುತ್ತಿತ್ತು.

ಅವಳು ಮೆಟ್ಟಿಲು ಇಳಿದಳು.

"ಮಮ್ಮಿ? ಹೇಳು, ಇದೇ ಅಲ್ವಾ?"

ಚಪ್ಪಲಿ ಹಾಕಿಕೊಳ್ಳಲಿಲ್ಲ. ಗೇಟಿನ ಚಿಲಕಕ್ಕೆ ಹಿಟ್ಟು ಮೆತ್ತಿತು.

"ಎಲ್ಲಿಗ್ ಹೊರಟೆ? ರೊಟ್ಟಿ ತಣ್ಣಗಾಗತ್ತೆ. ಮಮ್ಮಿ, ನಾನು ಕೇಳ್ತಾ ಇದೀನಿ, ಪಪ್ಪಾ ಹಾಕಿದ್ದು ಯಾವ್ದು—"

ರತ್ನಮ್ಮ ಆಗಲೇ ಬೀದಿಯಲ್ಲಿದ್ದಳು, ಹಿಟ್ಟಿನ ಎರಡೂ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡು, ಬರಿಗಾಲಲ್ಲಿ, ಹಾಡು ಬರುತ್ತಿದ್ದ ಕಡೆಗೆ.