ಒಮ್ಮೆ ಪೆಟ್ಟು ತಿಂದ ಕುರ್ಚಿ

ನಮ್ಮ ಮನೆಯ ಪಡಸಾಲೆಯಲ್ಲಿ, ತೊಟ್ಟಿಲಿಗೂ ಹೊಲಿಗೆ ಯಂತ್ರಕ್ಕೂ ನಡುವೆ, ಒಂದು ಪುಟ್ಟ ಕುರ್ಚಿ ಬಂದು ಕೂತಿದೆ. ಇವತ್ತು ಬೆಳಗಿನವರೆಗೆ ಅದರ ಮೇಲೆ ಕೂಸೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವೂ ಕೂತಿತ್ತು: ಮಡಿಚದೆ ಬಿಟ್ಟ ಬಟ್ಟೆ, ಬೆಳ್ಳುಳ್ಳಿಯ ಬುಟ್ಟಿ, ಒಂದು ಮಧ್ಯಾಹ್ನ ಪಕ್ಕದ ಮನೆಯ ಬೆಕ್ಕು. ಅದಕ್ಕೆ ಕಾಲಿಲ್ಲ, ನೀಲಿ ಬಟ್ಟೆ ಹೊದಿಸಿದ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಎರಡೂ ಹೆಗಲಿನಿಂದಿಳಿದು ಹೊಟ್ಟೆಯ ಮುಂದೆ ಕೂಡಿಕೊಳ್ಳುವ ಪಟ್ಟಿಗಳು, ಇಷ್ಟೇ. ಕಾರಿನೊಳಗೆ ಕೂಸನ್ನು ಕಟ್ಟಿ ಕೂರಿಸುವ ಕುರ್ಚಿಯಿದು. ನೀವು ನೋಡಿರಲಿಕ್ಕಿಲ್ಲ, ಮೊನ್ನೆ ಮೊನ್ನೆಯವರೆಗೆ ನಾನೂ ನೋಡಿರಲಿಲ್ಲ. ಬೆಳಗಾವಿಯ ನಮ್ಮ ಇಡೀ ಖಾಸಬಾಗ ಬಡಾವಣೆಗೆ ಇದೊಂದೇ ಇದ್ದೀತು. ಮೊಸರು ಕೊಡಲು ಬರುವ ಹೆಂಗಸು ಬಾಗಿಲಲ್ಲೇ ನಿಂತು, "ವಿಮಾನದಾಗಿಂದು ಕಿತ್ಕೊಂಡ ಬಂದೀರೇನ್ರಿ ಅಕ್ಕಾರ?" ಎಂದು ಕೇಳಿದಳು.

ಕಿತ್ತು ತಂದದ್ದಲ್ಲ, ಕೊಂಡದ್ದೂ ಅಲ್ಲ. ಮಹಾಂತೇಶ ನಗರದ ಪದ್ಮಾವತಿಯವರು ತಮ್ಮ ಮಗನಿಗೆ ಸಣ್ಣದಾಯಿತೆಂದು ಮಾರಲಿಟ್ಟ ಕುರ್ಚಿ. "ಒಯ್ದು ನೋಡ್ರಿ, ಮನಸಿಗಿ ಬಂದ್ರ ಇಟ್ಕೋರಿ, ಇಲ್ಲಾಂದ್ರ ತಂದ ಕೊಡ್ರಿ" ಎಂದು ಅವರು ಕೊಟ್ಟು ಕಳಿಸಿದರು. ಹಾಗೆ ಬಂದದ್ದು ಇಟ್ಟುಕೊಳ್ಳುವ ಮನಸ್ಸೂ ಬಾರದೆ, ಮರಳಿಸುವ ಮನಸ್ಸೂ ಬಾರದೆ, ನೆಂಟರ ಮನೆಗೆ ಬಂದು ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡವರಂತೆ ಕೂತಿದೆ. ಒಂದು ಹಳೆಯ ಕುರ್ಚಿಯನ್ನು ಕೊಳ್ಳುವುದೋ ಬೇಡವೋ ಎಂಬುದರಲ್ಲಿ ಇಷ್ಟೊಂದು ಯೋಚಿಸುವುದೇನಿದೆ ಎಂದು ನೀವು ಕೇಳಬಹುದು. ಕೂತು ಕೇಳಿ, ಆಮೇಲೆ ನೀವೇ ಹೇಳಿ.

ಇಸವಿಯ ನಾಲ್ಕೂ ಅಂಕಿಗಳು ಒಮ್ಮೆಲೇ ಬದಲಾದ ಈ ವರ್ಷವೇ ನಮಗೆ ಮಗಳು ಹುಟ್ಟಿದಳು. ನಾನು ಸಾಲೆಯಲ್ಲಿ ಕಲಿಸುವವಳು. ರಜೆ ಮುಗಿದ ಮೇಲೆ ಕೂಸನ್ನು ನೋಡಿಕೊಳ್ಳಲು ಖಾನಾಪುರದಿಂದ ಅವ್ವ ಬಂದಳು. ಅಲ್ಲಿ ಅಪ್ಪನಿಗೂ ಎಮ್ಮೆಗೂ ಅವ್ವ ಬೇಕು, ಇಲ್ಲಿ ನಮಗೂ ಬೇಕು. ಹೀಗಾಗಿ ಶನಿವಾರ ಎಲ್ಲರೂ ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಖಾನಾಪುರಕ್ಕೆ ಹೋಗುವುದು, ಭಾನುವಾರ ಸಂಜೆ ಅವ್ವನನ್ನು ಕರೆದುಕೊಂಡು ಬೆಳಗಾವಿಗೆ ಮರಳುವುದು ಎಂದಾಯಿತು. ಮುಂದೆ ನಮ್ಮವರು ಕಾರು ನಡೆಸುತ್ತಾರೆ, ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ನಾನು. ಹಿಂದೆ ಅವ್ವ, ಅವ್ವನ ತೊಡೆಯ ಮೇಲೆ ಕೂಸು. ಆ ತೊಡೆ ನಮ್ಮ ಮನೆತನದ ಗಾದಿ. ಅದರ ಮೇಲೆ ನಾನು ಬೆಳೆದೆ, ನನ್ನ ತಮ್ಮ ಬೆಳೆದ, ಓಣಿಯ ಅರ್ಧ ಮಕ್ಕಳು ಬೆಳೆದರು. ಅದಕ್ಕಿಂತ ಭದ್ರವಾದ ಜಾಗವೊಂದು ಲೋಕದಲ್ಲಿ ಇದ್ದೀತೆಂಬ ಕಲ್ಪನೆಯೂ ನಮಗಿರಲಿಲ್ಲ.

ಒಂದು ಸಂಜೆ ಮರಳಿ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ಎಮ್ಮೆಗೆ ಅವಸರವಿರಲಿಲ್ಲ, ನಮಗಿತ್ತು. ನಮ್ಮವರು ಬ್ರೇಕು ತುಳಿದ ರಭಸಕ್ಕೆ ನನ್ನ ಕೈಯ ಕ್ಯಾನು ಉರುಳಿ ಹಾಲೆಲ್ಲ ಕಾಲಡಿಗೆ ಹರಿಯಿತು. ಹಿಂದೆ ಬಳೆಗಳು ಸಿಡಿದ ಸದ್ದಾಯಿತು. ತಿರುಗಿ ನೋಡಿದರೆ ಅವ್ವ ಎಡಗೈಯಲ್ಲಿ ಕೂಸನ್ನು ಎದೆಗೊತ್ತಿಕೊಂಡು, ಬಲಗೈಯನ್ನು ಮುಂದಿನ ಸೀಟಿಗೆ ಆನಿಸಿ, ತಾನು ಕೂತ ಸೀಟಿನಿಂದ ಜಾರಿ ಅರ್ಧ ಕೆಳಗಿಳಿದಿದ್ದಳು. ಕೂಸು ನಗುತ್ತಿತ್ತು. "ಬಳಿ ಹೆಚ್ಚಿದವು ನೋಡ" ಎಂದಷ್ಟೇ ಅಂದಳು ಅವ್ವ; ಮುತ್ತೈದೆಯ ಬಳೆ ಒಡೆದವು ಎನ್ನಬಾರದಂತೆ. ರಾತ್ರಿಯೊಳಗೆ ಆ ಮಣಿಕಟ್ಟು ಊದಿಕೊಂಡಿತು. ಅರಿಶಿನ, ಸುಣ್ಣ ಹಚ್ಚಿದಳು, ಬಾವು ಇಳಿಯಿತು, ಹೊಸ ಬಳೆ ತೊಟ್ಟಳು, ಎಲ್ಲ ಸರಿಹೋಯಿತೆಂದು ನಾವು ತಿಳಿದೆವು.

ನಮ್ಮವರಿಗೆ ಮಾತ್ರ ಅಂದಿನಿಂದ ನಿದ್ದೆ ಹತ್ತಲಿಲ್ಲ. ಹಿಂದಿನ ಸೀಟಿಗೆ ಪಟ್ಟಿ ಹಾಕಿಸಿದರು, ಸಿಕ್ಕಸಿಕ್ಕವರನ್ನು ವಿಚಾರಿಸಿ ಈ ಕುರ್ಚಿಯ ಸುಳಿವು ಹಿಡಿದರು. ಅವ್ವನಿಗೆ ಹೇಳಿದಾಗ ಅವಳ ಮೋರೆ ಸಣ್ಣದಾಯಿತು. "ಯಾಕ, ನನ್ನ ತೊಡಿ ಸಾಲದಾತೇನ?" ಎಂದವಳು ಸ್ವಲ್ಪ ಹೊತ್ತಾದ ಮೇಲೆ ತಾನೇ ಒಪ್ಪಂದಕ್ಕೆ ಬಂದಳು. "ಆತು, ತಗೋರಿ. ಖರೇ ಆ ಕುರ್ಚ್ಯಾಗ ಕುಂತ ಕೂಸಿನ ನಾ ಮೊದಲ ನೋಡಬೇಕ."

ಇದು ಅವ್ವನ ಹಟವಲ್ಲ, ನಮ್ಮ ಕಡೆಯ ರೂಢಿ. ಕೂಸಿಗೆ ಹೊಸತು ಆಗಿಬರುವುದಿಲ್ಲ ಎಂದೇ ನಮ್ಮ ಹಿರಿಯರ ನಂಬಿಕೆ. ತಲೆಗೆ ತೊಡಿಸುವ ಮೊದಲ ಕುಂಚಿಗೆ ಇನ್ನೊಂದು ಗಟ್ಟಿಮುಟ್ಟು ಕೂಸು ತೊಟ್ಟದ್ದಿರಬೇಕು, ಹೊದೆಯುವ ಕೌದಿ ಬಾಳಿ ಬದುಕಿದ ಮುದುಕಿಯ ಸೀರೆಯದಿರಬೇಕು, ತೊಟ್ಟಿಲು ಹತ್ತು ಮನೆ ತಿರುಗಿದ್ದಾದರೆ ಇನ್ನೂ ಒಳ್ಳೆಯದು. ವಸ್ತುವಿನ ಬೆಲೆ ಅದರ ಹೊಳಪಿನಲ್ಲಿಲ್ಲ, ಅದರಲ್ಲಿ ಬೆಳೆದ ಮಗುವಿನ ಮೈಕೈಯಲ್ಲಿದೆ. ಹಳೆಯದನ್ನು ಕೊಳ್ಳುವುದೆಂದರೆ ಅದರ ಆಯುಷ್ಯವನ್ನೂ ಕೂಡಿಸಿ ಕೊಂಡಂತೆ.

ಹಾಗಾಗಿ ಅವ್ವನೂ ನಾನೂ ಮಹಾಂತೇಶ ನಗರಕ್ಕೆ ಕನ್ಯೆ ನೋಡಲು ಹೋದವರ ಠೀವಿಯಲ್ಲಿ ಹೋದೆವು. ಪದ್ಮಾವತಿಯವರು ಜೈನರು, ಕಿರಾಣಿ ವ್ಯಾಪಾರದ ಮನೆತನ. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಕೊನೆಗೆ ಮಗನನ್ನು ಹಿಡಿದು ತಂದರು. ಹುಡುಗ ಗುಂಡುಕಲ್ಲಿನಂತಿದ್ದ. ಅವ್ವ ಅವನ ಮೀನಖಂಡ ಒತ್ತಿ ನೋಡಿದಳು, ಹಲ್ಲು ಯಾವಾಗ ಬಂದವು ಎಂದು ಕೇಳಿದಳು, ಏನು ತಿನ್ನಿಸುತ್ತೀರಿ, ರಾತ್ರಿ ಬೆಚ್ಚುತ್ತಾನೆಯೇ ಎಂದೆಲ್ಲ ವಿಚಾರಿಸಿದಳು. ಅವನು ಬಿಡಿಸಿಕೊಂಡು ಅವಳಿಗೊಂದು ಒದೆ ಕೊಟ್ಟು ಓಡಿದ ಮೇಲೆ ಪೂರ್ತಿ ಸಮಾಧಾನವಾಯಿತು. ಕುಂಕುಮ ಹಚ್ಚಿಸಿಕೊಂಡು, ಕುರ್ಚಿಯನ್ನು ಆಟೋದಲ್ಲಿ ಹೇರಿಕೊಂಡು, ಗೆದ್ದವರಂತೆ ಮನೆಗೆ ಬಂದೆವು.

ನಮ್ಮವರು ಕುರ್ಚಿಯನ್ನು ಮಗುಚಿ ನೋಡುತ್ತ, "ಅವರ ಗಾಡಿ ಎಲ್ಲರೆ ಆ್ಯಕ್ಸಿಡೆಂಟ್ ಆಗಿತ್ತೇನ, ಕೇಳಿದ್ರಿಲ್ಲೊ?" ಎಂದರು.

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಕೂಸಿನ ಹಲ್ಲಿನವರೆಗೆ ಹೋದ ನಾವು ಕಾರಿನ ಸುದ್ದಿಯನ್ನೇ ಎತ್ತಿರಲಿಲ್ಲ!

ಮರುದಿನ ಸಾಲೆ ಬಿಟ್ಟ ಮೇಲೆ, ನಾಚಿಕೆ ಬಿಟ್ಟು, ನಾನೊಬ್ಬಳೇ ಮತ್ತೆ ಹೋಗಿ ಕೇಳಿದೆ. ಪದ್ಮಾವತಿಯವರು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದೆಂದು ಅವರಿಗೆ ಅನಿಸಲೂ ಇಲ್ಲ, ಅಭಿಮಾನದಿಂದಲೇ ಹೇಳಿದರು. "ಆಗಿತ್ತಲ್ರಿ. ಧಾರವಾಡದಿಂದ ಬರಬೇಕಾರ ಲಾರಿ ಗುದ್ದಿ ನಮ್ಮ ಗಾಡಿ ಒಂದ ಬಾಜು ಅಪ್ಪಚ್ಚಿ ಆಗಿತ್ತು. ನಮ್ಮ ಯಜಮಾನರ ಕಾಲ ಮುರೀತು. ಈ ಕುರ್ಚ್ಯಾಗಿದ್ದ ಕೂಸಿಗಿ ಒಂದ ಗೀರ ಸೈತ ಬೀಳಲಿಲ್ಲರಿ. ಅದಕ್ಕ ಇದನ್ನ ಒಗ್ಯಾಕ ನನಗ ಮನಸ ಬರವಲ್ದು." ಹೇಳುವಾಗ ಅವರ ಕಣ್ಣು ತುಂಬಿದವು. ನನ್ನವೂ ತುಂಬಿದವು.

ಮನೆಗೆ ಬಂದು ಹೇಳಿದ್ದೇ ತಡ, ಒಂದೇ ಮಾತು ಎರಡು ತೀರ್ಪಾಗಿ ಒಡೆಯಿತು. ಅವ್ವ ಎದ್ದುಹೋಗಿ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿಬಂದಳು: ಒಂದು ಜೀವ ಉಳಿಸಿದ ಕುರ್ಚಿ, ಇದಕ್ಕಿಂತ ಪುಣ್ಯದ್ದು ಎಲ್ಲಿ ಸಿಕ್ಕೀತು? ನಮ್ಮವರು ಬೆರಳ ಗೆಣ್ಣಿನಿಂದ ಅದರ ಬೆನ್ನನ್ನು ಬಡಿದು ಬಡಿದು ಕಿವಿಗೊಟ್ಟು ಕೇಳಿದರು. ಅವರು ಕೆಲಸ ಮಾಡುವುದು ಫೌಂಡ್ರಿಯಲ್ಲಿ. ಎರಕದ ಸರಕನ್ನು ಬಡಿದು, ಅದು ದನಿಗೊಡುವ ಬಗೆಯಿಂದಲೇ ಒಳಗಿನ ಹುಳುಕು ಕಂಡುಹಿಡಿಯುವುದು ಅವರಿಗೆ ರೂಢಿ. ಪ್ಲಾಸ್ಟಿಕ್ಕು ಏನನ್ನೂ ಹೇಳಲಿಲ್ಲ. "ಮ್ಯಾಲೆ ಚಂದ ಕಾಣತೈತ್ರಿ ಅತ್ತಿಯಾರ, ಒಳಗ ಬಿರುಕ ಬಿಟ್ಟಿರತೈತಿ. ಒಂದ ಸಲ ಪೆಟ್ಟ ತಿಂದದ್ದನ್ನ ಎರಡನೇ ಪೆಟ್ಟಿಗಿ ನಂಬಾಕ ಬರೂದಿಲ್ಲ" ಎಂದರು. ಅವ್ವ ಸೆರಗನ್ನು ಬಲಗೈಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಈಗ ಹೇಳಿ, ಯಾರದು ಸರಿ? ನಾನು ಬೆಳಗ್ಗೆ ಅವ್ವನ ಪಕ್ಷ, ಸಂಜೆ ಗಂಡನ ಪಕ್ಷ. ಮಧ್ಯಾಹ್ನ ಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹಾಕಿಕೊಡುವಾಗ ಯಾವ ಪಕ್ಷವೂ ಅಲ್ಲ. ಬಿರುಗಾಳಿಗೆ ನಿಂತ ಮರವನ್ನು ನಾವು ಗಟ್ಟಿ ಮರ ಎನ್ನುತ್ತೇವೆ. ಆ ಗಾಳಿಯಲ್ಲಿ ಅದರ ಬೇರು ಎಷ್ಟು ಸಡಿಲಾಯಿತೆಂದು ನೋಡಲು ಯಾರೂ ಅಗೆಯುವುದಿಲ್ಲ. ಕಷ್ಟ ಕಂಡವರು ಕಲ್ಲಾಗುತ್ತಾರೆ ಎಂದು ಹೇಳುತ್ತೇವೆ. ಕಂಡ ಕಷ್ಟವೇ ಅವರ ತಾಳ್ಮೆಯನ್ನು ಅರ್ಧ ತಿಂದಿದ್ದರೆ? ಹೊಸ ಕುರ್ಚಿಯಾದರೂ ಏನನ್ನು ತಡೆದು ತೋರಿಸಿದೆ? ಅದಕ್ಕೆ ಅನುಭವವಿಲ್ಲ, ಇದಕ್ಕೆ ಅನುಭವವೇ ರೋಗ. ಕೂಸಿನ ಪ್ರಾಣವನ್ನು ನಂಬಿಕೆಯ ಕೈಗೆ ಕೊಡಬೇಕೋ ಅನುಮಾನದ ಕೈಗೆ ಕೊಡಬೇಕೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು. ಹೀಗೆ ಕುರ್ಚಿ ಕಾರಿಗೂ ಏರದೆ ವಾಪಸ್ಸೂ ಹೋಗದೆ ಬೆಕ್ಕಿಗೆ ಹಾಸಿಗೆಯಾಯಿತು.

ನಿನ್ನೆ ಭಾನುವಾರ. ಸಂಜೆ ಖಾನಾಪುರದಿಂದ ಹೊರಡುವಾಗ ಅಪ್ಪ ಗಂಟುಮೂಟೆ ಇಟ್ಟರು, ನಮ್ಮವರು ಕಾರು ಚಾಲೂ ಮಾಡಿದರು, ಅವ್ವ ಹಿಂದಿನ ಬಾಗಿಲ ಬಳಿ ಕೂಸನ್ನೆತ್ತಿಕೊಂಡು ನಿಂತೇ ಇದ್ದಳು. ಹತ್ತುವುದಿಲ್ಲವೇ ಎಂದು ಕೇಳಲು ನಾನು ಕೆಳಗಿಳಿದರೆ, ಕೂಸನ್ನು ನನ್ನ ಕೈಗಿತ್ತಳು.

"ನೀ ಹಿಂದ ಕುಂದರ. ಕೂಸಿನ ನೀನ ಹಿಡ್ಕೊ."

"ಯಾಕಬೇ?"

"ಅಳಿಯಾರು ಅಂದದ್ದು ಖರೇ ಐತಿ. ನನ್ನ ಕೈನೂ ಒಮ್ಮೆ ಪೆಟ್ಟ ತಿಂದೈತಿ. ಮ್ಯಾಲೆ ಬಳಿ ಅದಾವ ಅಂತ ಒಳಗ ಗಟ್ಟಿ ಐತೇನ? ತುಂಬಿದ ತಂಬಗಿ ಎತ್ತಿದ್ರ ನಡಗತೈತಿ. ನಿಮಗ ಹೇಳಿರಲಿಲ್ಲ."

ನಮ್ಮವರು ಎಂಜಿನ್ ಆರಿಸಿದರು, ತಿರುಗಿ ನೋಡಲು ಮಾತ್ರ ಅವರಿಗೆ ಧೈರ್ಯ ಸಾಲಲಿಲ್ಲ. ನನಗೆ ಅಳು ಬಂತು; ಗಂಡನ ಮೇಲೆ, ಎಮ್ಮೆಯ ಮೇಲೆ, ಇಷ್ಟು ದಿನ ಆ ಕೈಯನ್ನು ನೋಡಿಯೂ ನೋಡದ ನನ್ನ ಮೇಲೆ ಸಿಟ್ಟು ಬಂತು. ನಮ್ಮ ಕೂಸನ್ನು ಉಳಿಸಿದ ಕೈ ಅದು. ಅದೇ ಕಾರಣಕ್ಕೆ ಅದನ್ನು ನಂಬಬಾರದು ಎಂಬ ತೀರ್ಪನ್ನು ಅವ್ವ ತನಗೆ ತಾನೇ ಕೊಟ್ಟುಕೊಂಡಿದ್ದಳು, ಯಾರೂ ಕೇಳದೆ. ಬೆಳಗಾವಿಯವರೆಗೆ ನಾನೇ ಹಿಡಿದುಕೊಂಡೆ. ನನ್ನ ಕೈ ಪೆಟ್ಟು ತಿಂದಿಲ್ಲ, ನಿಜ. ಪೆಟ್ಟು ಬಂದರೆ ಹಿಡಿದೀತೋ ಇಲ್ಲವೋ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇವತ್ತು ಬೆಳಗ್ಗೆ ನಮ್ಮವರು ಮುಂಬಯಿಯಿಂದ ಹೊಸ ಕುರ್ಚಿ ತರಿಸಲು ಹೇಳಿಬಂದರು, ಬರುತ್ತಲೇ ಎಲುಬಿನ ಡಾಕ್ಟರಿಗೆ ಅವ್ವನ ಕೈ ತೋರಿಸುವ ಮಾತಾಡಿದರು. ಹಳೆಯದನ್ನು ಮರಳಿಸುವುದಿಲ್ಲವೆಂದೂ, ಅದು ಇನ್ನು ಕಾರು ಹತ್ತುವುದಿಲ್ಲವೆಂದೂ ನಾನೇ ಹೇಳಿದೆ. ಇದು ಸರಿಯಾದ ತೀರ್ಮಾನವೋ ಬರಿಯ ಮಮಕಾರವೋ, ದೇವರಾಣೆ ನನಗೆ ಗೊತ್ತಿಲ್ಲ. ಬಟ್ಟೆ ತೆಗೆದು, ಬೆಕ್ಕಿನ ಕೂದಲು ಒರೆಸಿ, ಕೂಸನ್ನು ಅದರಲ್ಲಿ ಕೂರಿಸಿದೆ, ಪಟ್ಟಿ ಬಿಗಿದೆ. ಅವ್ವ ತುಪ್ಪದನ್ನ ಕಿವುಚಿಕೊಂಡು ಎದುರಿಗೆ ಬಂದು ಕೂತಳು, ಬಲಗೈಯಲ್ಲಿ ತುತ್ತು ಮಾಡಿದಳು. ಕೂಸು ಬಾಯಿ ತೆರೆಯಿತು. ಅವ್ವನ ಮಣಿಕಟ್ಟು ಒಂದಿಷ್ಟು ನಡುಗಿತು. ತುತ್ತು ಮಾತ್ರ ಚೆಲ್ಲಲಿಲ್ಲ.